ತಂಗಪುಷ್ಪಂ ಇಟ್ಟ ಕಾವಲು

ತಂಗಪುಷ್ಪಂಗೆ ನಾನು ಮೊದಲ ಸಲ ಕೊಟ್ಟ ಅಂಕ ನೂರಕ್ಕೆ ನಲವತ್ತೊಂದು. ಪಾಸಾಗಲು ಐವತ್ತು ಬೇಕಿತ್ತು. ಆ ಅಂಕದ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಪುಸ್ತಕದಲ್ಲಿ ಇದ್ದುದನ್ನೆಲ್ಲ ಅವಳು ತಪ್ಪಿಲ್ಲದೆ ಬರೆದಿದ್ದಳು. 'ಮುಂದೆ ಏನೇನು ಕೆಡಬಹುದು ಎಂಬುದನ್ನು ನಿಮ್ಮ ಕೆಲಸದ ಜಾಗದಲ್ಲಿ ಹೇಗೆ ಪತ್ತೆ ಮಾಡುತ್ತೀರಿ?' ಎಂಬ ದೊಡ್ಡ ಪ್ರಶ್ನೆಗೆ ಮಾತ್ರ ಒಂದೇ ಸಾಲಿನ ಉತ್ತರವಿತ್ತು: 'ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ.' ಸತ್ಯವಾದ ಸಾಲು. ಆದರೆ ಸತ್ಯವಾದ ಒಂದು ಸಾಲಿಗೆ ಅರವತ್ತು ಅಂಕ ಕೊಡುವ ಪದ್ಧತಿ ನನ್ನಲ್ಲಿಲ್ಲ.

ನಾಗರಕೋಯಿಲಿನ ನಮ್ಮ ಕಾಲೇಜಿನಲ್ಲಿ ಶನಿವಾರ, ಭಾನುವಾರ ನಡೆಯುತ್ತಿದ್ದ ಡಿಪ್ಲೊಮಾ ತರಗತಿ ಅದು. ಕೆಲಸದಲ್ಲಿ ಇರುವವರಿಗಾಗಿಯೇ ಮಾಡಿದ್ದು. ದೊಡ್ಡ ಕೆಲಸವೊಂದನ್ನು ಹೇಗೆ ಯೋಜಿಸುವುದು, ಒಂದಕ್ಕೊಂದು ತಗಲಿಕೊಂಡ ಹಲವು ಕೆಲಸಗಳನ್ನು ಒಂದೇ ಕೈಯಲ್ಲಿ ಹೇಗೆ ನಡೆಸುವುದು, ಎಲ್ಲಿ ಮುಗ್ಗರಿಸಬಹುದೆಂದು ಮೊದಲೇ ಹೇಗೆ ತಿಳಿಯುವುದು, ಇಷ್ಟೇ ವಿಷಯ. ಬರುತ್ತಿದ್ದವರಲ್ಲಿ ಹೆಚ್ಚಿನವರು ಸರ್ಟಿಫಿಕೇಟಿಗೆ ಬಂದವರು. ತಂಗಪುಷ್ಪಂ ಆರಲ್ವಾಯ್‌ಮೊಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು, ಮೊದಲ ಸಾಲಿನಲ್ಲಿ ಕೂರುತ್ತಿದ್ದಳು, ತಿಂಡಿ ಡಬ್ಬಿಯಲ್ಲಿ ಮಟ್ಟಿ ಬಾಳೆಹಣ್ಣು ತಂದು ಹಿಂದಿನ ಸಾಲಿನವರಿಗೆ ಹಂಚುತ್ತಿದ್ದಳು. ಪಾಠದ ಮಧ್ಯೆ ಹಂಚಿದ್ದಕ್ಕೆ ಒಮ್ಮೆ ಹೊರಗೆ ಕಳಿಸಿದ್ದೇನೆ.

ಆಗ ಅವಳಿಗೆ ಮೂವತ್ತಾರು ವರ್ಷ. ಗಂಡ ಸರ್ಕಾರಿ ಬಸ್ಸಿನ ಕಂಡಕ್ಟರ್. ಗಾಳಿಯಂತ್ರ ನಿಲ್ಲಿಸುವ ಕಂಪನಿಯೊಂದರ ಉಗ್ರಾಣದಲ್ಲಿ ಅವಳು ಹನ್ನೊಂದು ವರ್ಷ ದುಡಿದಿದ್ದಳು. ಯಾವ ಸಾಮಾನು ತಡವಾಗಿ ಬಂತು, ಯಾಕೆ ತಡವಾಯಿತು ಎಂದು ಬರೆದಿಡುವ ಅಭ್ಯಾಸ ಅವಳಿಗೆ ತಾನಾಗಿ ಬಂದಿತ್ತು; ಯಾರೂ ಹೇಳಿರಲಿಲ್ಲ, ಯಾರೂ ಓದುತ್ತಲೂ ಇರಲಿಲ್ಲ. ಆ ವರ್ಷ ಕಂಪನಿಗೆ ಆರಲ್ವಾಯ್‌ಮೊಳಿ ಕಣಿವೆಯ ಆಚೆ ಬದಿಯಲ್ಲಿ ಆರು ಜಾಗಗಳ ಕೆಲಸ ಒಟ್ಟಿಗೆ ಸಿಕ್ಕಿತು. ಜಾಗಕ್ಕೆ ಮೂರರಂತೆ ಹದಿನೆಂಟು ಗಾಳಿಯಂತ್ರ, ಎಲ್ಲಕ್ಕೂ ಸೇರಿ ಒಂದೇ ಒಂದು ದೊಡ್ಡ ಕ್ರೇನು. ಜನವರಿ ನಡುವಿಗೆ, ತೈ ತಿಂಗಳಲ್ಲಿ ಆರಂಭ. ಮೇ ನಡುವಿಗೆ ವೈಕಾಶಿಯ ಗಾಳಿ ಏಳುವ ಮೊದಲು ಮುಗಿಯಲೇಬೇಕು, ಯಾಕೆಂದರೆ ಆ ಗಾಳಿ ಎದ್ದ ಮೇಲೆ ಕಣಿವೆಯ ಬಾಯಲ್ಲಿ ಅಷ್ಟುದ್ದದ ರೆಕ್ಕೆ ಎತ್ತುವ ಮಾತೇ ಇಲ್ಲ. ಆರೂ ಕಡೆಯನ್ನು ನೋಡಿಕೊಳ್ಳಬೇಕಿದ್ದ ಪ್ರೋಗ್ರಾಂ ಮ್ಯಾನೇಜರ್, ತೈಗೆ ಹಿಂದಿನ ಮಾರ್ಗಳಿಯ ಕೊನೆಗೆ ಬೇರೆ ಕೆಲಸ ಹಿಡಿದು ಹೊರಟುಹೋದ. ಅವಸರದಲ್ಲಿ ಕಂಪನಿಯವರ ಕಣ್ಣಿಗೆ ಬಿದ್ದವಳು, ಎಲ್ಲರ ಫೋನು ಎತ್ತುತ್ತಿದ್ದ ಉಗ್ರಾಣದ ತಂಗಪುಷ್ಪಂ.

ಷರತ್ತು ಸ್ಪಷ್ಟವಾಗಿತ್ತು. ಮಾರ್ಚ್ ನಡುವಿಗೆ, ಪಂಗುನಿ ತಿಂಗಳ ಮೊದಲ ವಾರ, ಚೆನ್ನೈನಿಂದ ಒಬ್ಬರು ತಪಾಸಣೆಗೆ ಬರುತ್ತಾರೆ. ಅವಳ ಯೋಜನೆ, ಮುಖ್ಯವಾಗಿ ಅವಳ ಅಪಾಯಗಳ ಪಟ್ಟಿ, ಅವರಿಗೆ ಒಪ್ಪಿಗೆಯಾದರೆ ಹುದ್ದೆ ಅವಳದೇ. ಇಲ್ಲವಾದರೆ ಅವಳು ಮರಳಿ ಉಗ್ರಾಣಕ್ಕೆ, ಚೆನ್ನೈಯಿಂದ ಬೇರೊಬ್ಬ ಕುರ್ಚಿಗೆ. ಡಿಪ್ಲೊಮಾ ಫೇಲಾದ ಹದಿನೈದನೆಯ ದಿನ ಈ ಸುದ್ದಿ ಹೇಳಲು ಬಂದಳು. ತಲೆ ತಗ್ಗಿಸಿರಲಿಲ್ಲ, ನಗುತ್ತಲೇ ಇದ್ದಳು.

"ಟೀಚರ್, ಫೇಲಾದೋಳಿಗೆ ಕೆಲಸ ಕೊಟ್ಟಿದಾರೆ. ಪಾಸಾಗಿದ್ರೆ ಏನು ಕೊಡ್ತಿದ್ರೋ!"

"ಮತ್ತೆ ತರಗತಿಗೆ ಬಾ. ಆ ಒಂದು ಪ್ರಶ್ನೆಗೆ ಉತ್ತರ ಹುಡುಕು," ಎಂದೆ.

ಮೊದಲ ಸಭೆ ತೈ ತಿಂಗಳ ಒಂದು ಶುಕ್ರವಾರ, ಸೈಟಿನ ತಗಡಿನ ಕಚೇರಿಯಲ್ಲಿ ನಡೆಯಿತು. ಆರು ಜಾಗದ ಆರು ಎಂಜಿನಿಯರುಗಳು, ಕ್ರೇನು ನಡೆಸುವ ಇಸಕ್ಕಿಮುತ್ತು. ತಂಗಪುಷ್ಪಂ ನಾನು ಕಲಿಸಿದ ಹಾಗೆಯೇ ಗೋಡೆಗೆ ದೊಡ್ಡ ಕಾಗದ ಅಂಟಿಸಿ ನಾಲ್ಕು ಕಾಲಂ ಹಾಕಿದಳು: ಏನು ಕೆಡಬಹುದು, ಕೆಡುವ ಸಂಭವ ಎಷ್ಟು, ಕೆಟ್ಟರೆ ನಷ್ಟ ಎಷ್ಟು, ಆ ಅಪಾಯದ ಒಡೆಯ, ಅಂದರೆ ಹೊಣೆಗಾರ, ಯಾರು.

"ಒಬ್ಬೊಬ್ಬರಾಗಿ ಹೇಳಿ. ಈ ಕೆಲಸದಲ್ಲಿ ಏನೇನು ಕೆಡಬಹುದು?"

ಫ್ಯಾನು ತಿರುಗಿತು.

"ಯಕ್ಕಾ," ಎಂದ ಇಸಕ್ಕಿಮುತ್ತು ಕೊನೆಗೆ, "ತೈ ಶುಕ್ರವಾರ, ಒಳ್ಳೇ ದಿನ, ಬೆಳಬೆಳಗ್ಗೆ. ಇವತ್ತು ಕೇಳೋ ಮಾತಾ ಇದು? ಹೋಗಿ ಬಾಯಿ ತೊಳ್ಕೊಂಡ್ ಬಾ."

ಐದನೆಯ ಜಾಗದ ಎಂಜಿನಿಯರ್ ಜೆಬಸಿಂಗ್ ಕೈ ಎತ್ತಿದ. "ಮ್ಯಾಡಂ, ನಮ್ಮ ಸೈಟಲ್ಲಿ ಪ್ರಾರ್ಥನೆ ಮಾಡೇ ಶುರು ಮಾಡಿದೀವಿ. ಏನೂ ಆಗಲ್ಲ."

"ಪ್ರಾರ್ಥನೇನ ಯಾವ ಕಾಲಮಲ್ಲಿ ಬರೀಲಿ?"

"ಎಲ್ಲಾದ್ರೂ ಮೇಲ್ಗಡೆ ಬರೀರಿ."

ಅಪಶಕುನ ನುಡಿಯಬಾರದೆಂದು ಎಣ್ಣೆ ಮುಗಿದರೂ 'ತುಂಬಿದೆ' ಎನ್ನುವ, ದೀಪ ಆರಿಸುವುದನ್ನು 'ತಂಪು ಮಾಡುವುದು' ಎನ್ನುವ ಜನರ ಮುಂದೆ ಅವಳು ಈ ಪ್ರಶ್ನೆ ಇಟ್ಟಿದ್ದಳು. ಅವಳೂ ಅದೇ ಜನ, ಗೊತ್ತಿರಬೇಕಿತ್ತು. ಎರಡು ಗಂಟೆಯ ಕೊನೆಗೆ ಪಟ್ಟಿಯಲ್ಲಿ ಎರಡೇ ಸಾಲು ಇದ್ದವು: 'ಮಳೆ ಬರಬಹುದು. ಟೀ ತಡವಾಗಬಹುದು.' ಎರಡನೆಯದು ಅಷ್ಟರಲ್ಲಿ ಆಗಿಯೂ ಹೋಗಿತ್ತು.

ಸೋಮವಾರ ಅವಳು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಯಾರೂ ಹೇಳದಿದ್ದರೆ ತಾನೇ ಬರೆಯುತ್ತೇನೆಂದು ಕೂತು, ಪುಸ್ತಕ ನೋಡಿ ಹದಿನಾಲ್ಕು ಅಪಾಯ ಬರೆದು, ಪ್ರತಿಯೊಂದರ ಎದುರಿಗೂ ಒಡೆಯನ ಹೆಸರು ಹಾಕಿ, ಕಚೇರಿಯ ಬಾಗಿಲಿಗೆ ಅಂಟಿಸಿದಳು. ಮೊದಲ ಸಾಲು: 'ಕ್ರೇನು ಉರುಳುವುದು. ಒಡೆಯ: ಇಸಕ್ಕಿಮುತ್ತು.'

ಮರುದಿನ ಹತ್ತು ಗಂಟೆಗೆ ಇಸಕ್ಕಿಮುತ್ತುವಿನ ತಾಯಿ ಪಿಚ್ಚಮ್ಮಾಳ್ ಪಣಗುಡಿಯಿಂದ ಬಸ್ಸು ಹಿಡಿದು ಬಂದಿಳಿದಳು. ಒಂದು ಕೈಯಲ್ಲಿ ಉಪ್ಪು, ಒಣಮೆಣಸಿನಕಾಯಿ; ಇನ್ನೊಂದರಲ್ಲಿ ಬೇವಿನ ಸೊಪ್ಪು. ಎಪ್ಪತ್ತರ ಹೆಂಗಸು, ದನಿ ಮಾತ್ರ ಇಪ್ಪತ್ತರದು.

"ಯಾರೇ ಅವಳು ತಂಗಪುಷ್ಪಂ? ನನ್ ಮಗನ ಹೆಸರ ಮುಂದೆ ಕ್ರೇನು ಬೀಳತ್ತೆ ಅಂತ ಬರೆದು ಬಾಗ್ಲಿಗೆ ಅಂಟಿಸಿದೀಯಂತೆ! ಶಾಸನ ಕೆತ್ತಿಸ್ತಿದೀಯಾ?"

"ಅಜ್ಜೀ, ಬೀಳತ್ತೆ ಅಂತಲ್ಲ. ಬೀಳಬಹುದು ಅಂತ..."

"ಬಹುದು! ಮದುವೆ ಆಗಬಹುದು, ಮಗು ಆಗಬಹುದು, ಅದಕ್ಕೆ ಹೇಳ್ತಾರೆ ಬಹುದು. ಇದಕ್ಕಾ? ಒಡೆಯ ಅಂತೆ! ಮನೆಗೆ ಒಡೆಯ ಕೇಳಿದೀನಿ, ಹೊಲಕ್ಕೆ ಕೇಳಿದೀನಿ. ಕೇಡಿಗೆ ಒಡೆಯನ್ನ ಇವತ್ತೇ ಕೇಳ್ತಿರೋದು. ಇಪ್ಪತ್ತೆರಡು ವರ್ಷದಿಂದ ಆ ಮಿಷನ್ನನ್ನ ಅವನು ಮಗೂನ ಕಾದ ಹಾಗೆ ಕಾಯ್ತಿದಾನೆ. ಅವನು ಕಾಯೋನು ಕಣೇ, ಬೀಳ್ಸೋನಲ್ಲ!"

ಅಷ್ಟು ಹೇಳಿ ಮಗನನ್ನು ಕ್ರೇನಿನಿಂದ ಇಳಿಸಿ ದೃಷ್ಟಿ ತೆಗೆದಳು. ಕ್ರೇನಿಗೂ ತೆಗೆದಳು, ಅದರ ಸುತ್ತ ಮೂರು ಸಲ ಬರುವಷ್ಟರಲ್ಲಿ ಅರ್ಧ ಗಂಟೆ ಕೆಲಸ ನಿಂತಿತು. ಕೊನೆಗೆ ತಂಗಪುಷ್ಪಂಗೂ ತೆಗೆದಳು. "ನಿನಗೂ ಏನೋ ತಗುಲಿದೆ, ಇಲ್ದಿದ್ರೆ ಹೀಗೆಲ್ಲ ಬರೀತಿರ್ಲಿಲ್ಲ," ಎಂದು ಕಾರಣವನ್ನೂ ಹೇಳಿದಳು. ಮೆಣಸಿನಕಾಯಿಯ ಘಾಟಿಗೆ ಕಚೇರಿಯೆಲ್ಲ ಕೆಮ್ಮಿತು. ಸಂಜೆಯೊಳಗೆ ಬಾಗಿಲಿನ ಕಾಗದ ಮಾಯವಾಗಿತ್ತು. ಹರಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಜೆಬಸಿಂಗನಿಗಂತೂ ಸ್ವಲ್ಪವೂ ಗೊತ್ತಿಲ್ಲ, ಹಾಗೆಂದು ಅವನಾಗಿಯೇ ಮೂರು ಸಲ ಹೇಳಿದ.

ಶನಿವಾರ ತರಗತಿ ಮುಗಿದ ಮೇಲೆ ಇದನ್ನೆಲ್ಲ ಅಭಿನಯಿಸಿ ತೋರಿಸಿದಳು. ಅಜ್ಜಿಯ ದನಿಯನ್ನು ಚೆನ್ನಾಗಿಯೇ ತೆಗೆದಳು.

"ನಮ್ಮ ಜನಕ್ಕೆ ಈ ವಿದ್ಯೆ ಆಗಿಬರಲ್ಲ ಟೀಚರ್."

"ಜನರ ಮೇಲೆ ಹಾಕಬೇಡ. ನೀನು ಕೇಳಿದ ಪ್ರಶ್ನೆ ಸರಿ ಇಲ್ಲ."

"ಹಾಗಾದ್ರೆ ಯಾವ ಪ್ರಶ್ನೆ ಕೇಳ್ಲಿ?"

"ಅದನ್ನೂ ನಾನೇ ಹೇಳಿದರೆ ಅಂಕ ಯಾರಿಗೆ ಕೊಡಲಿ? ನನಗೇ ಕೊಟ್ಟುಕೊಳ್ಳಲಾ?"

ಮುಂದಿನ ಮೂರು ವಾರ ಅವಳು ನನ್ನ ಬಳಿ ಏನೂ ಕೇಳಲಿಲ್ಲ.

ಆ ಮೂರು ವಾರಗಳಲ್ಲಿ ಏನಾಯಿತೆಂದು ನಂತರ ತಿಳಿಯಿತು. ಸೈಟಿಗೆ ತಿರುಗುವ ಮೂಲೆಯಲ್ಲಿ ಚೆಲ್ಲಪ್ಪ ಅಣ್ಣಾಚಿಯ ಟೀ ಅಂಗಡಿ ಇದೆ. ತಾಳೆಬೆಲ್ಲದ ಕರುಪ್ಪಟ್ಟಿ ಕಾಫಿಗೂ ರಸವಡೆಗೂ ಹೆದ್ದಾರಿಯ ಲಾರಿಗಳೆಲ್ಲ ಅಲ್ಲಿ ನಿಲ್ಲುತ್ತವೆ. ಒಂದು ಮಧ್ಯಾಹ್ನ ತಂಗಪುಷ್ಪಂ ಗೋಡೆಯ ಈಚೆ ಕೂತು ವಡೆ ತಿನ್ನುತ್ತಿದ್ದಾಗ ಆಚೆ ಬದಿಯಿಂದ ಗುರುತಿನ ದನಿ ಕೇಳಿಸಿತು. ಬಾಯಿ ತೊಳೆದುಕೊಂಡು ಬಾ ಎಂದಿದ್ದ ಅದೇ ಇಸಕ್ಕಿಮುತ್ತು.

"ನಮ್ ಕಡೆ ಅಲ್ಲಪ್ಪಾ, ಎಲ್ಲೋ ದೂರ. ಕ್ರೇನು ನಿಲ್ಸಿದಾರೆ, ನೆಲ ಗಟ್ಟಿ ಇದೆ ಅಂತ. ಕೆಳಗಡೆ ಹಳೇ ಬಾವಿ! ಮುಚ್ಚಿ, ಮೇಲೆ ಹುಲ್ಲು ಬೆಳೆದಿತ್ತು. ಒಂದು ಕಾಲು ಸಲೀಸಾಗಿ ಇಳೀತು ನೋಡು, ಇಡ್ಲಿಗೆ ಬೆರಳು ಇಟ್ಟ ಹಾಗೆ."

"ಇಳೀದೆ ಏನ್ ಮಾಡತ್ತೆ!" ಎಂದ ಒಬ್ಬ ಡ್ರೈವರ್. "ನಾನು ಇನ್ನೊಂದು ಕಡೆ ನೋಡಿದೀನಿ. ಪಂಗುನಿ ಉತ್ತಿರ ಹಬ್ಬದ ದಿನ ರೆಕ್ಕೆ ತಗೊಂಡು ಹೋದ್ರೆ ಸೈಟಲ್ಲಿ ಒಂದು ನರಪಿಳ್ಳೆ ಇಲ್ಲ. ಎಲ್ಲಾ ಅವರವರ ಕುಲದೇವರು ಶಾಸ್ತಾ ಗುಡಿಗೆ ಹೋಗಿದಾರೆ. ಮದರಾಸಿನ ಎಂಜಿನಿಯರು ಒಬ್ಬನೇ ಕೊಡೆ ಹಿಡ್ಕೊಂಡು ನಿಂತಿದಾನೆ. 'ಹರತಾಳಾನಾ?' ಅಂತ ನನ್ ಕೇಳ್ತಾನೆ!"

ಅಂಗಡಿಯೆಲ್ಲ ನಕ್ಕಿತು. ಒಬ್ಬ ನಿಲ್ಲಿಸಿದಲ್ಲಿಂದ ಇನ್ನೊಬ್ಬ ಹಿಡಿದ. ಅನಾಹುತಗಳು ವಡೆಯಷ್ಟೇ ಬಿಸಿಯಾಗಿ ಬರುತ್ತಿದ್ದವು. ಎಲ್ಲವೂ ಬೇರೆ ಕಡೆಯವು, ಬೇರೆಯವರವು. ತಂಗಪುಷ್ಪಂ ತಿನ್ನುವುದನ್ನು ಬಿಟ್ಟು, ವಡೆ ಕಟ್ಟಿಕೊಟ್ಟಿದ್ದ ಕಾಗದದ ಮೇಲೆಯೇ ಬರೆಯತೊಡಗಿದಳು.

ಮುಂದಿನ ಸಭೆ ತಗಡಿನ ಕಚೇರಿಯಲ್ಲಿ ನಡೆಯಲಿಲ್ಲ, ಅಣ್ಣಾಚಿಯ ಅಂಗಡಿಯಲ್ಲಿ ನಡೆಯಿತು. "ನಮ್ಮ ಕೆಲಸದ ಬಗ್ಗೆ ಇವತ್ತು ಯಾರೂ ಒಂದು ಮಾತೂ ಆಡಕೂಡದು," ಎಂದು ಮೊದಲೇ ಕಟ್ಟಪ್ಪಣೆ ಮಾಡಿದಳು. "ಬೇರೆ ಕಡೆ ಏನಾಯ್ತು ಅಂತ ಮಾತ್ರ ಹೇಳಿ. ಊರಿನ ಹೆಸರು ಬೇಡ, ಕಂಪನಿ ಹೆಸರೂ ಬೇಡ."

ಮೂರು ತಾಸು ಕಳೆದರೂ ಯಾರನ್ನೂ ಎಬ್ಬಿಸಲಾಗಲಿಲ್ಲ. ಮೂರು ವಾರಗಳಲ್ಲಿ ಮೂವತ್ತೊಂದು ಕಥೆ ಸೇರಿದವು. ಸಂಭವದ ಕಾಲಮಿಗೆ ಅವಳದೇ ಒಂದು ಲೆಕ್ಕವಿತ್ತು: ಒಂದೇ ಬಗೆಯ ಕಥೆಯನ್ನು ಒಬ್ಬರಿಗೊಬ್ಬರು ಗೊತ್ತಿಲ್ಲದ ಎಷ್ಟು ಜನ ಹೇಳಿದರೋ ಅಷ್ಟು ಗೆರೆ. ಒಂದು ಗೆರೆ ಎಂದರೆ ಅಪರೂಪ. ನಾಲ್ಕು ಗೆರೆ ಬಿದ್ದಿತೆಂದರೆ ಎಲ್ಲೆಡೆ ಆಗುವಂಥದ್ದು, ನಮಗೂ ತಪ್ಪಿದ್ದಲ್ಲ. ಇದು ಪುಸ್ತಕದಲ್ಲಿಲ್ಲ. ಪುಸ್ತಕದಲ್ಲಿರುವ, ಒಂದರಿಂದ ಐದರವರೆಗೆ ಕಣ್ಣಂದಾಜಿನಲ್ಲಿ ಅಂಕಿ ಹಾಕುವ ಕ್ರಮಕ್ಕಿಂತ ಮೇಲು ಎಂದು ನನಗೆ ಆಗಲೇ ಅನಿಸಿತು. ಅವಳಿಗೆ ಹೇಳಲಿಲ್ಲ.

ಉಳಿದದ್ದು ಕೊನೆಯ ಕಾಲಂ. ಒಡೆಯ ಎಂದರೆ ಒಬ್ಬನೂ ಹೆಸರು ಕೊಡುವವನಲ್ಲ. ತಂಗಪುಷ್ಪಂ ಪಿಚ್ಚಮ್ಮಾಳ್ ಅಜ್ಜಿಯ ಬೈಗುಳವನ್ನು ಮತ್ತೆ ಮತ್ತೆ ನೆನೆದಳಂತೆ. ಅವನು ಕಾಯೋನು ಕಣೇ. ನಮ್ಮ ಊರುಗಳ ಎಲ್ಲೆಯಲ್ಲೆಲ್ಲ ಸುಡಲೈಮಾಡನೋ ಇಸಕ್ಕಿಯೋ, ಇಂಥ ಗ್ರಾಮದೇವರು ಕಾವಲಿಗೆ ನಿಂತಿರುತ್ತಾರೆ. ಕೇಡು ಬರುವ ದಿಕ್ಕಿಗೆ ಮುಖ ಮಾಡಿ, ಕತ್ತಿ ಹಿಡಿದು. ಆ ಕೇಡು ಅವರದೆಂದು ಯಾರೂ ಅನ್ನುವುದಿಲ್ಲ. 'ಒಡೆಯ' ಎಂಬ ಪದವನ್ನು ಹೊಡೆದುಹಾಕಿ ಅವಳು 'ಕಾವಲು' ಎಂದು ಬರೆದಳು.

"ಹಳೇ ಬಾವಿಗೆ ಕಾವಲು ಯಾರು?"

"ನಾನೇ," ಎಂದ ಇಸಕ್ಕಿಮುತ್ತು, ಕೇಳಿ ಮುಗಿಯುವ ಮೊದಲೇ. "ನನ್ ಕ್ರೇನಿನ ಕಾಲ ಕೆಳಗಿನ ನೆಲಾನ ನಾನಲ್ದೆ ಯಾರು ನೋಡ್ತಾರೆ?"

ಒಂದೇ ಸಂಜೆಯಲ್ಲಿ ಕಾಲಂ ತುಂಬಿತು. ಕ್ರೇನು ಬಂದು ನಿಂತಾಗ ಅಡಿಪಾಯದ ಕಾಂಕ್ರೀಟು ಇನ್ನೂ ಹಸಿಯಾಗಿತ್ತೆಂಬ ಹನ್ನೊಂದನೆಯ ಕಥೆಗೆ ಜೆಬಸಿಂಗ್ ಕಾವಲು ನಿಂತ. ಗೊಣಗುತ್ತಲೇ ತನ್ನ ಐದನೆಯ ಜಾಗದ ಅಡಿಪಾಯವನ್ನು ಹತ್ತು ದಿನ ಮೊದಲು ಹಾಕಿಸಿದ. ವಾರದೊಳಗೆ ಪಿಚ್ಚಮ್ಮಾಳ್ ಮತ್ತೆ ಬಸ್ಸಿನಿಂದ ಇಳಿದಳು. ಈ ಸಲ ಉಪ್ಪು ಮೆಣಸಿನಕಾಯಿ ಇರಲಿಲ್ಲ.

"ಏನೇ ತಂಗಂ, ಆ ಜೆಬಸಿಂಗನಿಗೆ ಮೂರು ಕಾವಲು, ನನ್ ಮಗನಿಗೆ ಒಂದೇ ಅಂತೆ? ನನ್ ಮಗನೇನು ಕಮ್ಮಿಯೋನಾ?"

"ಅಜ್ಜೀ, ನಿಮ್ಮ ಮಗನದು ದೊಡ್ಡ ಕಾವಲು."

"ದೊಡ್ಡದು ಒಂದಿರ್ಲಿ, ಚಿಕ್ಕದು ಇನ್ನೆರಡು ಕೊಡು."

ಕೊಟ್ಟಳು.

ಕಥೆಯ ಕೇಂದ್ರಕ್ಕೆ ಬರಬೇಕಾದರೆ ಹತ್ತೊಂಬತ್ತನೆಯ ನಂಬರನ್ನು ಹೇಳಬೇಕು. ಕಾಲುವೆಯ ಮೇಲಿನ ಸಣ್ಣ ಮೋರಿ ಸೇತುವೆಯೊಂದು, ನೀರು ಹರಿಯುತ್ತಿದ್ದಾಗ ಭಾರದ ಟ್ರೇಲರ್ ಹತ್ತಿ ಕುಸಿದ ಕಥೆ ಅದು. ನಾಲ್ಕು ಗೆರೆ ಬಿದ್ದಿದ್ದವು. ನಮ್ಮ ಆರು ಜಾಗಗಳಲ್ಲಿ ನಾಲ್ಕನೆಯದೂ ಆರನೆಯದೂ ಸೆಂಗುಳದ ಕೆರೆ ಕಾಲುವೆಯ ಆಚೆ ಇದ್ದವು, ಉಳಿದವು ಈಚೆ. ನಡುವೆ ಅಂಥದೇ ಒಂದು ಮೋರಿ. ಕ್ರೇನನ್ನು ಬಿಚ್ಚಿ ಟ್ರೇಲರುಗಳಿಗೆ ಹೇರಿದರೆ ಅತಿ ಭಾರದ ತುಂಡು ಅದರ ಮೇಲೆಯೇ ಹೋಗಬೇಕು. ಆರು ಎಂಜಿನಿಯರುಗಳ ಆರು ಯೋಜನೆಯಲ್ಲಿ ಒಂದರಲ್ಲೂ ಆ ಮೋರಿ ಇರಲಿಲ್ಲ, ಯಾಕೆಂದರೆ ಅದು ಆರು ಜಾಗದಲ್ಲಿ ಯಾವುದಕ್ಕೂ ಸೇರಿರಲಿಲ್ಲ. ಒಂದೊಂದೇ ಕೆಲಸ ನೋಡುವವನಿಗೂ ಎಲ್ಲವನ್ನೂ ಸೇರಿಸಿ ನೋಡುವವನಿಗೂ ಇರುವ ವ್ಯತ್ಯಾಸವನ್ನು ತರಗತಿಯಲ್ಲಿ ನಾನು ನಲವತ್ತು ನಿಮಿಷ ಹೇಳುತ್ತೇನೆ. ಇಷ್ಟರಲ್ಲೇ ಹೇಳಬಹುದಿತ್ತು.

ಇದಕ್ಕೆ ಕಾವಲು ಯಾರು? ಕಂಪನಿಯಲ್ಲಿ ಯಾರಿಗೂ ತೂಬು ಯಾವಾಗ ತೆಗೆಯುತ್ತಾರೆಂದು ತಿಳಿಯದು. ತಂಗಪುಷ್ಪಂ ಸೆಂಗುಳಕ್ಕೆ ಹೋಗಿ, ಇಡೀ ಊರಿನ ಗದ್ದೆಗಳಿಗೆ ನೀರು ಹಾಯಿಸುವ ಆರುಮುಗಪ್ಪೆರುಮಾಳನನ್ನು ಹುಡುಕಿದಳು. ಅರವತ್ತರ ಮನುಷ್ಯ, ಹೆಗಲ ಮೇಲೆ ಗುದ್ದಲಿ.

"ಮಾವಾ, ನಮ್ಮ ಪಟ್ಟೀಲಿ ಒಂದು ಕಾವಲು ಖಾಲಿ ಇದೆ. ನಿಲ್ತೀರಾ?"

"ಕೆರೆ ಕಾಯೋನಿಗೆ ಮೋರಿ ಕಾಯೋದೇನು ಕಷ್ಟ? ಹೆಸರು ಪೂರ್ತಿ ಬರೀಬೇಕು. ಬರೀ ಆರುಮುಗಂ ಅಂದ್ರೆ ಊರಲ್ಲಿ ಎಂಟು ಜನ ಇದಾರೆ."

ಪೂರ್ತಿ ಬರೆದಳು. ಅದರ ಪಕ್ಕದಲ್ಲೇ, ನೀರು ಬಂದರೆ ಏನು ಮಾಡುವುದು ಎಂಬುದನ್ನೂ ಬರೆದಳು.

ಪಂಗುನಿಯ ಮೊದಲ ವಾರ ಚೆನ್ನೈನಿಂದ ಸೌರಿರಾಜನ್ ಬಂದರು. ಮೂವತ್ತು ವರ್ಷ ಇದೇ ಕೆಲಸದಲ್ಲಿ ಪಳಗಿದವರು, ಬಿಳಿ ಬೂಟು, ಮಿತವಾದ ಮಾತು. ಡಿಪ್ಲೊಮಾದ ನಿಯಮದಂತೆ ವಿದ್ಯಾರ್ಥಿನಿಯ ಕೆಲಸವನ್ನು ಸ್ಥಳದಲ್ಲೇ ನೋಡಬೇಕಾದ್ದರಿಂದ ಅಂದು ನಾನೂ ಹೋಗಿದ್ದೆ. ತಗಡಿನ ಕಚೇರಿಯ ಸೆಕೆ ತಾಳಲಾರದೆ ಎಲ್ಲರೂ ಅಣ್ಣಾಚಿಯ ಅಂಗಡಿಗೆ ಬಂದೆವು. ಮೊದಲ ಮೂರು ಜಾಗದ ಒಂಬತ್ತು ಯಂತ್ರ ಆಗಲೇ ನಿಂತಿದ್ದವು. ಕ್ರೇನನ್ನು ಬಿಚ್ಚಿ ಹೇರಿ ಆಗಿತ್ತು. ಮರುದಿನ ಬೆಳಿಗ್ಗೆ ಮೋರಿ ದಾಟಿ ನಾಲ್ಕನೆಯ ಜಾಗಕ್ಕೆ ಹೊರಡಬೇಕು.

ಸೌರಿರಾಜನ್ ಪಟ್ಟಿ ಓದುತ್ತಾ ಹೋದರು. ಕನ್ನಡಕ ತೆಗೆದರು. ಮತ್ತೆ ಹಾಕಿದರು.

"ಏನಮ್ಮಾ ಇದು? ರಿಸ್ಕ್ ರಿಜಿಸ್ಟರಾ, ಕಥಾಸಂಗ್ರಹವಾ? ಹದಿನೇಳನೇ ನಂಬರ್: 'ಬೇರೆ ಕಡೆ ಮೇಕೆಗಳು ಕೇಬಲ್ಲಿನ ಹೊದಿಕೆ ತಿಂದವು.' ಕಾವಲು: ಕೇಬಲ್ ಸೆಲ್ವಂ. ಮೇಕೆ! ಇದನ್ನ ನಾನು ಡೈರೆಕ್ಟರಿಗೆ ತೋರಿಸ್ಲಾ?"

"ಎರಡು ಗೆರೆ ಬಿದ್ದಿದೆ ಸಾರ್ ಅದಕ್ಕೆ," ಎಂದ ಇಸಕ್ಕಿಮುತ್ತು ಹಿಂದಿನಿಂದ.

"ನಮೂನೆ ಅಂತ ಒಂದು ಇರತ್ತೆ. ಅದರಲ್ಲಿ ಮಾಡಿಲ್ಲ. ಹೀಗಾದ್ರೆ ನಾನು..."

ಆಗ ಸೈಕಲ್ಲೊಂದು ಬಂದು ಅಂಗಡಿಯ ಮುಂದೆ ನಿಂತಿತು. ಆರುಮುಗಪ್ಪೆರುಮಾಳ್ ಗುದ್ದಲಿಯನ್ನು ಗೋಡೆಗೆ ಒರಗಿಸಿ ಒಳಗೆ ಬಂದ.

"ತಾಯೀ, ಈಗ ತಾನೇ ತೂಬು ತೆಗೆದ್ವಿ. ತಡವಾಗಿ ನಾಟಿ ಮಾಡಿದ ಗದ್ದೆಯೋರು ಇನ್ನೊಂದು ನೀರು ಬೇಕು ಅಂದ್ರು. ನಾಲ್ಕು ದಿನ ಕಾಲುವೆ ತುಂಬಾ ಹರಿಯತ್ತೆ. ಮೋರಿ ಮೇಲೆ ಭಾರ ಹತ್ತಿಸ್ಬೇಡಿ."

ಸೌರಿರಾಜನ್ ಅವನ ಮಣ್ಣು ಮೆತ್ತಿದ ಕಾಲನ್ನೂ ಗುದ್ದಲಿಯನ್ನೂ ನೋಡಿದರು. "ಯಾರಿವರು? ನಮ್ಮ ಕಂಪನಿಯೋರಾ?"

"ಅಲ್ಲ ಸಾರ್. ಹತ್ತೊಂಬತ್ತನೇ ನಂಬರಿನ ಕಾವಲು."

"ಆರುಮುಗಪ್ಪೆರುಮಾಳ್," ಎಂದು ಅವನು ತಿದ್ದಿದ. "ಪೂರ್ತಿ ಹೆಸರು ಬರೆದಿದಾರೆ, ನೋಡಿ."

"ನೋಡಮ್ಮಾ, ಹದಿನೆಂಟು ಟ್ರೇಲರ್ ಹೇರ್ಕೊಂಡು ನಿಂತಿವೆ. ಶೆಡ್ಯೂಲಲ್ಲಿ ನಾಳೆ ದಾಟ್ಬೇಕು ಅಂತ ಇದೆ. ನಿನ್ನೆ ಗಟ್ಟಿ ಇದ್ದ ಮೋರಿ ನಾಳೆ ಬೀಳಲ್ಲ. ದಾಟ್ಸು."

"ದಾಟ್ಸಲ್ಲ ಸಾರ್."

ಸೌರಿರಾಜನ್ ಪಟ್ಟಿಯನ್ನು ಬೆಂಚಿನ ಮೇಲಿಟ್ಟರು.

"ದಾಟ್ಸದೇ ಇದ್ರೆ ನಾನೇನು ಬರೀಬೇಕಾಗತ್ತೆ ಗೊತ್ತಲ್ಲ? ನಾಳೆಯಿಂದ ನೀನು ಉಗ್ರಾಣಕ್ಕೆ."

"ಉಗ್ರಾಣ ನಂಗೆ ಗೊತ್ತಿರೋ ಜಾಗಾನೇ ಸಾರ್. ಬೀಗದ ಕೈ ಇನ್ನೂ ನನ್ನ ಹತ್ರಾನೇ ಇದೆ." ಸೆರಗಿಗೆ ಕಟ್ಟಿದ್ದ ಅದನ್ನು ತೋರಿಸಿದಳು. "ಒಂದೇ ಒಂದು ಮಾತು ಕೇಳ್ತೀನಿ. ಇಲ್ಲಿಯ ಮಾತಲ್ಲ. ಬೇರೆ ಎಲ್ಲಾದ್ರೂ, ಶೆಡ್ಯೂಲಲ್ಲಿದೆ ಅಂತ ದಾಟಿಸಿ ಏನಾದ್ರೂ ಆಗಿದ್ದನ್ನ ನೀವು ನೋಡಿದೀರಾ?"

ಚೆಲ್ಲಪ್ಪ ಅಣ್ಣಾಚಿ ಅದೇ ಹೊತ್ತಿಗೆ ಸೌರಿರಾಜನ್ನರ ಮುಂದೆ ಕಾಫಿ ಇಟ್ಟ. ಅವರು ಲೋಟವನ್ನು ಒಂದು ಸುತ್ತು ತಿರುಗಿಸಿದರು.

"ಇಲ್ಲಲ್ಲ," ಎಂದರು. "ದೂರ. ಬಹಳ ಉತ್ತರಕ್ಕೆ."

ಇಸಕ್ಕಿಮುತ್ತು ಬೆಂಚನ್ನು ಒಂದಿಷ್ಟು ಹತ್ತಿರಕ್ಕೆ ಎಳೆದುಕೊಂಡ.

"ಟ್ರಾನ್ಸ್‌ಫಾರ್ಮರು. ಕೆರೆ ಏರಿ ಮೇಲೆ ಹೋಗ್ಬೇಕು. ಊರಿನ ಮುದುಕ ಒಬ್ಬ ಬಂದು ಏರಿ ನೆಂದಿದೆ, ಎರಡು ದಿನ ತಡೀರಿ ಅಂದ. ಶೆಡ್ಯೂಲು ನಾನೇ ಬರೆದಿದ್ದೆ, ಬಣ್ಣ ಬಣ್ಣದಲ್ಲಿ. ಹೊರಡಿ ಅಂದೆ."

"ಆಮೇಲೆ ಸಾರ್?"

"ಆಮೇಲೇನು! ಮೆಲ್ಲಗೆ, ಎಮ್ಮೆ ನೀರಿಗಿಳಿದ ಹಾಗೆ ಇಳೀತು. ಯಾರಿಗೂ ಏನೂ ಆಗ್ಲಿಲ್ಲ, ಡ್ರೈವರು ಈಜ್ಕೊಂಡ್ ಬಂದ. ಎಂಟು ತಿಂಗಳು, ಅದನ್ನ ಎತ್ತೋವರೆಗೂ, ಆ ದಡದ ಮೇಲೆ ಬಾತುಕೋಳಿ ಎಣಿಸ್ತಾ ಕೂತಿದ್ದೆ. ಆ ಮುದುಕ ದಿನಾ ಬಂದು ಪಕ್ಕದಲ್ಲೇ ಕೂರ್ತಿದ್ದ. ಒಂದು ದಿನಾನೂ 'ನಾನು ಹೇಳಿರ್ಲಿಲ್ವಾ' ಅನ್ಲಿಲ್ಲ. ಅದೇ ತಡ್ಕೊಳಕ್ಕಾಗ್ಲಿಲ್ಲ ನಂಗೆ."

ಅಂಗಡಿ ನಕ್ಕಿತು. ಸೌರಿರಾಜನ್ನರೂ, ಇಷ್ಟವಿಲ್ಲದಿದ್ದರೂ, ನಕ್ಕರು. ನಂತರ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, "ಸರಿ. ದಾಟ್ಸೋದು ಬೇಡ. ಆದ್ರೆ ನಾಲ್ಕು ದಿನ ಕ್ರೇನು ಸುಮ್ಮನೆ ನಿಲ್ಲತ್ತಲ್ಲ, ಅದಕ್ಕೇನು ಮಾಡ್ತೀಯ?" ಎಂದರು.

"ನಿಲ್ಲಲ್ಲ ಸಾರ್. ನಾಳೆ ಐದನೇ ಜಾಗಕ್ಕೆ ಹೋಗತ್ತೆ. ಅದು ಕಾಲುವೆ ಈಚೆ ಇದೆ. ಜೆಬಸಿಂಗ್ ಅಡಿಪಾಯ ಹತ್ತು ದಿನ ಮೊದಲೇ ಹಾಕ್ಸಿದಾರೆ, ಕಾಂಕ್ರೀಟು ಬಲಿತಿದೆ. ಐದು ಮುಗಿಸಿ ನಾಲ್ಕಕ್ಕೆ ಬರ್ತೀವಿ. ಆರನೇ ಜಾಗದ ತಾರೀಕು ಬದಲಾಗಲ್ಲ."

"ಇದನ್ನ ಮೊದಲೇ ಹೇಳ್ಬಾರ್ದಾ!"

"ಹತ್ತೊಂಬತ್ತರ ಪಕ್ಕದಲ್ಲೇ ಬರೆದಿದೆ ಸಾರ್. ನೀವು ಹದಿನೇಳರ ಮೇಕೆ ಹತ್ರಾನೇ ನಿಂತ್ಬಿಟ್ರಿ."

ಇದನ್ನು ಹೇಳಬಾರದಿತ್ತು. ನಾನು ಅವಳತ್ತ ಕಣ್ಣು ದೊಡ್ಡದು ಮಾಡಿದೆ. ಸೌರಿರಾಜನ್ ಮಾತ್ರ ಪಟ್ಟಿಯನ್ನು ತಿರುಗಿಸಿ, ಹತ್ತೊಂಬತ್ತನೆಯ ಸಾಲನ್ನು ಕೊನೆಯವರೆಗೂ ಓದಿ, ಕೆಳಗೆ ತಮ್ಮ ಪೆನ್ನಿನಿಂದಲೇ ಒಂದು ಗೆರೆ ಸೇರಿಸಿದರು. ಐದನೆಯ ಗೆರೆ.

ನೀರು ನಿಂತ ಮೇಲೆ ಆರುಮುಗಪ್ಪೆರುಮಾಳನೂ ಜೆಬಸಿಂಗನೂ ಮೋರಿಯ ಕೆಳಗೆ ಇಳಿದು ನೋಡಿದರು. ಪಕ್ಕದ ಗೋಡೆಯ ಎರಡು ಕಲ್ಲು ಜಾರಿಹೋಗಿ, ಹಿಂದಿನ ಮಣ್ಣು ತೊಳೆದು, ಒಂದು ಮೇಕೆ ಆರಾಮವಾಗಿ ಮಲಗುವಷ್ಟು ಪೊಟರೆಯಾಗಿತ್ತು. ಅದು ನಾಲ್ಕು ದಿನದಲ್ಲಿ ಆದದ್ದೋ ನಾಲ್ಕು ವರ್ಷದಲ್ಲೋ ಹೇಳಲು ಬಾರದು. ಕಲ್ಲು ಕಟ್ಟಿಸಿ, ಮೇಲೆ ಉಕ್ಕಿನ ಹಲಗೆ ಹಾಸಿ, ಹದಿನೆಂಟು ದಿನದ ನಂತರ ಕ್ರೇನನ್ನು ದಾಟಿಸಿದರು. ಪಂಗುನಿ ಉತ್ತಿರಕ್ಕೆ ಎಲ್ಲರಿಗೂ ಮೊದಲೇ ರಜೆ ಬರೆದಿಟ್ಟಿದ್ದರಿಂದ ಯಾರೂ ಓಡಿಹೋಗಬೇಕಾಗಲಿಲ್ಲ. ಮೇಕೆಗಳು ಬಂದವು, ಕೇಬಲ್ ಸೆಲ್ವಂ ಕೋಲು ಹಿಡಿದು ನಿಂತಿದ್ದ. ಹದಿನೆಂಟನೆಯ ಯಂತ್ರದ ಕೊನೆಯ ರೆಕ್ಕೆ ಏರಿದಾಗ ಗಾಳಿ ಬರಲು ಇನ್ನೂ ಒಂಬತ್ತು ದಿನ ಇತ್ತು.

ಚೆನ್ನೈಯ ಪತ್ರ ಅದಕ್ಕೂ ಬಹಳ ಮೊದಲೇ ಬಂದಿತ್ತು. ಎರಡು ಸಾಲು: 'ಪಟ್ಟಿಯು ನಿಗದಿತ ನಮೂನೆಯಲ್ಲಿಲ್ಲ. ತಂಗಪುಷ್ಪಂ ಅವರು ಪ್ರೋಗ್ರಾಂ ಮ್ಯಾನೇಜರ್ ಆಗಿ ಮುಂದುವರಿಯುವುದು.' ಜೊತೆಗೆ ಒಂದು ಚೀಟಿ, ಕೈಬರಹದ್ದು: ಮೂವತ್ತೆರಡನೆಯ ನಂಬರಾಗಿ ಟ್ರಾನ್ಸ್‌ಫಾರ್ಮರಿನ ಕಥೆಯನ್ನು ಸೇರಿಸಬೇಕು, ಊರಿನ ಹೆಸರು ಬೇಡ, ಕಾವಲಿಗೆ ಸೌರಿರಾಜನ್ ಎಂದು ಬರೆಯಬೇಕು. ಉಗ್ರಾಣದ ಬೀಗದ ಕೈಯನ್ನು ತಂ‌ಗಪುಷ್ಪಂ ಮರುದಿನ ಒಪ್ಪಿಸಿದಳು.

ವೈಕಾಶಿಯಲ್ಲಿ ಅವಳು ಮತ್ತೆ ಪರೀಕ್ಷೆ ಬರೆದಳು. ಆ ದೊಡ್ಡ ಪ್ರಶ್ನೆಗೆ ಹನ್ನೊಂದು ಪುಟ. ಎಪ್ಪತ್ತೆಂಟು ಅಂಕ ಬಂದವು. ಎಂಬತ್ತು ಬರುತ್ತಿತ್ತು, ಆದರೆ ಅಪಾಯದ ಹೊಣೆ ಹೊತ್ತವನನ್ನು ಏನೆನ್ನುತ್ತಾರೆ ಎಂಬ ಎರಡು ಅಂಕದ ಪ್ರಶ್ನೆಗೆ ಅವಳು 'ಕಾವಲು' ಎಂದು ಬರೆದಿದ್ದಳು. ಪುಸ್ತಕದ ಪದ 'ಒಡೆಯ'. ನಾನು ಸೊನ್ನೆ ಹಾಕಿದೆ.

ಜಗಳಕ್ಕೆ ಬಂದಳು, ಮಟ್ಟಿ ಬಾಳೆಹಣ್ಣಿನ ಗೊನೆಯ ಸಮೇತ.

"ಟೀಚರ್, ಇದು ಅನ್ಯಾಯ. ನೀವೇ ಕಣ್ಣಾರೆ ನೋಡಿದೀರಿ."

"ನೋಡಿದ್ದೇನೆ. ಪ್ರಶ್ನೆ ಪುಸ್ತಕದ್ದು."

"ಪಿಚ್ಚಮ್ಮಾಳ್ ಅಜ್ಜೀನ ಕರ್ಕೊಂಡ್ ಬರ್ಲಾ?"

ಅಂಕ ಮರಳಿ ಕೊಡಲಿಲ್ಲ. ಮುಂದಿನ ವರ್ಷದ ಪ್ರಶ್ನೆಪತ್ರಿಕೆಯಿಂದ ಆ ಪ್ರಶ್ನೆಯನ್ನು ತೆಗೆದುಹಾಕಿದೆ. ಬಾಳೆಹಣ್ಣು ಚೆನ್ನಾಗಿತ್ತು.